ಪಂಕ್ತಿಗೆ ಬಾರದ ಮಕ್ಕಳು



ನಮ್ಮ ಮಠಗಳ ದಾಸೋಹದ ಒಲೆ ಆರಿದ್ದನ್ನು ಯಾರೂ ಕಂಡಿಲ್ಲ. ಜಾತಿ ಕೇಳದೆ, ಊರು ಕೇಳದೆ ಬಂದವರಿಗೆಲ್ಲ ಪಂಕ್ತಿ ಹಾಕಿ ಉಣಬಡಿಸುವ ಈ ಪರಂಪರೆ ಶರಣರು ನಮಗೆ ಬಿಟ್ಟುಹೋದ ದೊಡ್ಡ ಆಸ್ತಿ. ಸಿದ್ಧಗಂಗೆಯಂಥ ಮಠಗಳಲ್ಲಿ ಸಾವಿರಾರು ವಿದ್ಯಾರ್ಥಿಗಳು ದಿನವೂ ಪ್ರಸಾದ ಸ್ವೀಕರಿಸಿ ಓದಿ ಮುಂದೆ ಬಂದಿದ್ದಾರೆ. ನಮ್ಮ ಓದುಗರಲ್ಲೂ ಮಠದ ಅನ್ನ ಉಂಡು ಬೆಳೆದವರು ಬಹಳ ಮಂದಿ ಇದ್ದಾರೆ.

ಆದರೆ ಆ ಪಂಕ್ತಿಯಲ್ಲಿ ಕುಳಿತವರನ್ನು ಒಮ್ಮೆ ಗಮನಿಸಿ. ಎಲ್ಲರೂ ಐದಾರು ವರ್ಷ ದಾಟಿದವರು. ಎರಡು ವರ್ಷದೊಳಗಿನ ಕೂಸು ಪಂಕ್ತಿಯಲ್ಲಿ ಕೂರುವುದಿಲ್ಲ. ಅದು ತಾಯಿಯ ತೊಡೆಯ ಮೇಲಿರುತ್ತದೆ. ತಾಯಿ ಉಣ್ಣುವಾಗ ಸಾರಿನಲ್ಲಿ ಕಿವುಚಿದ ನಾಲ್ಕು ಅಗುಳು ಅದರ ಬಾಯಿಗೆ ಹೋಗುತ್ತವೆ. ಅಷ್ಟೇ ಅದರ ಪಾಲು. ಒಂದು ಮಗುವಿನ ಎತ್ತರ ಮತ್ತು ಬುದ್ಧಿಯ ತಳಪಾಯ ಬೀಳುವುದು ಮಾತ್ರ ಇದೇ ವಯಸ್ಸಿನಲ್ಲಿ. ಈ ಸಂಚಿಕೆಯಲ್ಲಿ ನಾನು ಈ ಮಕ್ಕಳ ಬಗ್ಗೆ ಬರೆಯುತ್ತಿದ್ದೇನೆ.

2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4ರಷ್ಟು ಮಕ್ಕಳ ಬೆಳವಣಿಗೆ ಕುಂಠಿತವಾಗಿದೆ. ಹಿಂದಿನ ಸಮೀಕ್ಷೆಯಲ್ಲಿ ಇದು 36.2 ಇತ್ತು. ನಾಲ್ಕೈದು ವರ್ಷಗಳಲ್ಲಿ ಒಂದು ಅಂಶವೂ ಇಳಿದಿಲ್ಲ. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ರಕ್ತಹೀನತೆಯಂತೂ 60.9ರಿಂದ 65.5ಕ್ಕೆ ಏರಿತು. ಯಾದಗಿರಿ ಜಿಲ್ಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಶರಣರು ನಡೆದಾಡಿದ ಕಲ್ಯಾಣದ ನೆಲದಲ್ಲಿಯೇ ಈ ಪರಿಸ್ಥಿತಿ ಇದೆ.

ಕುಂಠಿತ ಬೆಳವಣಿಗೆ ಎಂದರೆ ಮಗು ಸಣ್ಣಗಿರುವುದು ಎಂದಷ್ಟೇ ಅಲ್ಲ. ಎರಡು ವರ್ಷ ತುಂಬಿದ ಗಂಡುಮಗು ನಿಂತಾಗ 81 ಸೆಂಟಿಮೀಟರಿಗಿಂತ, ಹೆಣ್ಣುಮಗು ಸುಮಾರು 79 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ ಅದು ಕುಂಠಿತ. "ನಮ್ಮ ಮನೆತನದವರೇ ಗಿಡ್ಡ" ಎಂದು ಹೇಳಿ ಸುಮ್ಮನಾಗುವವರಿದ್ದಾರೆ. ಮೊದಲ ಎರಡು ವರ್ಷಗಳಲ್ಲಿ ಎತ್ತರವನ್ನು ನಿರ್ಧರಿಸುವುದು ಮನೆತನಕ್ಕಿಂತ ಹೆಚ್ಚಾಗಿ ಆಹಾರ ಮತ್ತು ಆರೋಗ್ಯ. ದೇಹ ಬೆಳೆಯದಿದ್ದಾಗ ಮಿದುಳಿಗೂ ಅದರ ಪಾಲು ಸಿಕ್ಕಿರುವುದಿಲ್ಲ. ಇಂಥ ಮಕ್ಕಳು ಮುಂದೆ ಶಾಲೆಯಲ್ಲಿ ಹಿಂದೆ ಬೀಳುವ, ಪದೇ ಪದೇ ಕಾಯಿಲೆ ಬೀಳುವ ಸಾಧ್ಯತೆ ಹೆಚ್ಚು. ಆಗ ನಾವು ಆ ಹುಡುಗನನ್ನು ದಡ್ಡ ಎನ್ನುತ್ತೇವೆ.

ಹೊಟ್ಟೆ ತುಂಬ ಅನ್ನ ತಿನ್ನುವ ಮನೆಗಳಲ್ಲೂ ಹೀಗೇಕಾಗುತ್ತದೆ? ನಾನು ಎಂಜಿನಿಯರ್ ಆಗಿ ಸರಕಾರಿ ಸೇವೆಯಲ್ಲಿದ್ದವನು, ಹಾಗಾಗಿ ನನಗೆ ತಿಳಿದ ಉದಾಹರಣೆಯನ್ನೇ ಕೊಡುತ್ತೇನೆ. ಕೆರೆಯ ಏರಿ ಎಷ್ಟೇ ಎತ್ತರವಿರಲಿ, ಒಂದು ಕಡೆ ತಗ್ಗಿದ್ದರೆ ನೀರು ನಿಲ್ಲುವುದು ಆ ತಗ್ಗಿನ ಮಟ್ಟದವರೆಗೆ ಮಾತ್ರ. ಉಳಿದ ಕಡೆ ಎಷ್ಟು ಮಣ್ಣು ಏರಿಸಿದರೂ ವ್ಯರ್ಥ. ಮಗುವಿನ ಬೆಳವಣಿಗೆಯೂ ಹಾಗೆಯೇ. ಅನ್ನದಿಂದ ಶಕ್ತಿ ಸಾಕಷ್ಟು ಸಿಕ್ಕರೂ ಕಬ್ಬಿಣ, ಸತು, ವಿಟಮಿನ್ ಎ, ಫೋಲೇಟ್, ಬಿ12 ಇವುಗಳಲ್ಲಿ ಯಾವುದು ಕೊರತೆಯೋ ಅದರ ಮಟ್ಟಕ್ಕೆ ಬೆಳವಣಿಗೆ ನಿಂತುಬಿಡುತ್ತದೆ. ಇವು ಬೇಕಾಗುವುದು ಮಿಲಿಗ್ರಾಂ, ಮೈಕ್ರೋಗ್ರಾಂ ಲೆಕ್ಕದಲ್ಲಿ. ಆದ್ದರಿಂದ ಕೊರತೆ ಕಣ್ಣಿಗೆ ಕಾಣುವುದಿಲ್ಲ. 2016ರಿಂದ 2018ರವರೆಗೆ ದೇಶದಾದ್ಯಂತ ಮಕ್ಕಳ ರಕ್ತ ಪರೀಕ್ಷೆ ಮಾಡಿ ನಡೆಸಿದ ಸಮಗ್ರ ರಾಷ್ಟ್ರೀಯ ಪೋಷಣೆ ಸಮೀಕ್ಷೆಯಲ್ಲಿ, ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ನೂರಕ್ಕೆ 32 ಮಂದಿಗೆ ಕಬ್ಬಿಣದ, 23 ಮಂದಿಗೆ ಫೋಲೇಟಿನ, 19 ಮಂದಿಗೆ ಸತುವಿನ, 18 ಮಂದಿಗೆ ವಿಟಮಿನ್ ಎ ಕೊರತೆ, 14 ಮಂದಿಗೆ ಬಿ12 ಕೊರತೆ ಕಂಡುಬಂತು.

ಇದರ ಜೊತೆಗೆ ಇನ್ನೊಂದು ಲೆಕ್ಕವಿದೆ. ಇದನ್ನು ಪ್ರತಿ ತಾಯಿಗೂ, ಅದಕ್ಕಿಂತ ಮುಖ್ಯವಾಗಿ ಪ್ರತಿ ಅತ್ತೆಗೂ ತಿಳಿಸಬೇಕು. ಒಂದು ವರ್ಷದ, ಸುಮಾರು ಹತ್ತು ಕಿಲೋ ತೂಕದ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಸುಮಾರು 300 ಮಿಲಿಲೀಟರ್. ಆ ವಯಸ್ಸಿನ ಮಗುವಿಗೆ ಎದೆಹಾಲಿನ ಜೊತೆಗೆ ಹೊರಗಿನ ಆಹಾರದಿಂದ ದಿನಕ್ಕೆ 550 ಕ್ಯಾಲೊರಿ ಬೇಕು. ನಾವು ಕುಡಿಸುವ ತೆಳುವಾದ ರಾಗಿ ಅಂಬಲಿಯಲ್ಲಿ ನೂರು ಮಿಲಿಲೀಟರಿಗೆ ಐದಾರು ಗ್ರಾಂ ಹಿಟ್ಟಿದ್ದರೆ ಅದರಿಂದ ಸಿಗುವುದು 20 ಕ್ಯಾಲೊರಿಯೂ ಇಲ್ಲ. ಅಂದರೆ ಮಗು ದಿನಕ್ಕೆ ಎರಡೂಮುಕ್ಕಾಲು ಲೀಟರಿಗಿಂತ ಹೆಚ್ಚು ಅಂಬಲಿ ಕುಡಿಯಬೇಕು! ಎದೆಹಾಲಿನಲ್ಲೇ ನೂರು ಮಿಲಿಲೀಟರಿಗೆ 65ರಷ್ಟು ಕ್ಯಾಲೊರಿ ಇರುತ್ತದೆ. ಹೀಗಿರುವಾಗ ತೆಳುವಾದ ಗಂಜಿ ಮಗುವಿನ ಹೊಟ್ಟೆಯಲ್ಲಿ ಜಾಗ ತಿನ್ನುತ್ತದೆ, ಒಳ್ಳೆಯ ಹಾಲನ್ನು ದೂರ ಮಾಡುತ್ತದೆ. ಬೇಳೆಯ ತಿಳಿಸಾರೂ ಇದೇ ಜಾತಿಯದು. ಸತ್ತ್ವವೆಲ್ಲ ಪಾತ್ರೆಯ ತಳದಲ್ಲಿ ಉಳಿದು, ಮಗುವಿಗೆ ಹೋಗುವುದು ಮೇಲಿನ ನೀರು.

ಅದೇ ನೂರು ಮಿಲಿಲೀಟರಿಗೆ 20 ಗ್ರಾಂ ಹಿಟ್ಟು, ಒಂದು ಚಮಚ ತುಪ್ಪ ಹಾಕಿದರೆ ಸುಮಾರು 110 ಕ್ಯಾಲೊರಿ ಸಿಗುತ್ತದೆ. ದಿನಕ್ಕೆ ಅರ್ಧ ಲೀಟರಿನಷ್ಟು, ಮೂರ್ನಾಲ್ಕು ಸಲ ತಿನ್ನಿಸಿದರೆ ಸಾಕು. ಅಷ್ಟು ಗಟ್ಟಿ ಮಾಡಿದರೆ ಮಗು ನುಂಗುವುದು ಹೇಗೆ ಎಂದು ಕೇಳಬಹುದು. ಅದಕ್ಕೆ ಉತ್ತರ ನಮ್ಮ ಅಜ್ಜಿಯರ ಬಳಿಯೇ ಇತ್ತು: ಮೊಳಕೆ ಕಟ್ಟಿದ ರಾಗಿ. ರಾಗಿಯನ್ನು ಒಂದು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದ ಹಿಟ್ಟು ಅದು. ಮೊಳಕೆಯೊಡೆಯುವಾಗ ಕಾಳಿನಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ಅಂಟಂಟಾಗದೆ ಸಲೀಸಾಗಿ ಒಳಗಿಳಿಯುತ್ತದೆ. ಕಬ್ಬಿಣ, ಸತುಗಳನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ದಕ್ಕದಂತೆ ಮಾಡುವ ಫೈಟೇಟ್ ಎಂಬ ಅಂಶವೂ ಮೊಳಕೆಯಲ್ಲಿ ಕಡಿಮೆಯಾಗುತ್ತದೆ. ರಾಗಿಯಲ್ಲಿ ನೂರು ಗ್ರಾಮಿಗೆ 350 ಮಿಲಿಗ್ರಾಮಿನ ಆಸುಪಾಸು ಸುಣ್ಣದ ಅಂಶವಿದೆ. ಅಕ್ಕಿ, ಗೋಧಿ ಇದರ ಹತ್ತಿರಕ್ಕೂ ಬರುವುದಿಲ್ಲ.

ರಾಗಿ ಒಂದೇ ಸಾಲದು. ಈ ಹಿಟ್ಟಿನ ಜೊತೆ ಮೊಳಕೆಯ ಹೆಸರುಕಾಳು ಅಥವಾ ಹುರಿಗಡಲೆ, ನುಣ್ಣಗೆ ಪುಡಿ ಮಾಡಿದ ಶೇಂಗಾ ಸೇರಿಸಬೇಕು. ಇಡೀ ಶೇಂಗಾ ಬೀಜ ಚಿಕ್ಕ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಎಚ್ಚರ. ನುಗ್ಗೆ, ರಾಜಗಿರಿ, ಮೆಂತ್ಯ ಸೊಪ್ಪುಗಳನ್ನು ಬೇಯಿಸಿ ಅರೆದು ಬೇಳೆಯಲ್ಲಿ ಕಲಸಿ, ಮೇಲೆ ನಾಲ್ಕು ಹನಿ ಲಿಂಬೆರಸ ಹಿಂಡಿದರೆ ಕಬ್ಬಿಣ ಹೆಚ್ಚು ದಕ್ಕುತ್ತದೆ. ಪಪ್ಪಾಯಿ, ಕುಂಬಳಕಾಯಿ, ಗಜ್ಜರಿ, ಮಾವು ಇವುಗಳಿಂದ ವಿಟಮಿನ್ ಎ ದೊರೆಯುತ್ತದೆ. ಅದು ಮೈಗೆ ಹತ್ತಬೇಕಾದರೆ ತುಪ್ಪ, ಎಣ್ಣೆಯ ಜಿಡ್ಡು ಬೇಕು. ಇವೆಲ್ಲ ನಮ್ಮ ಹಿತ್ತಲಿನಲ್ಲಿ, ಹೊಲದ ಬದುವಿನಲ್ಲಿ ಬೆಳೆಯುವಂಥವು. ಆದರೂ ಇಂದು ಹಳ್ಳಿಯ ಕೂಸಿನ ಕೈಯಲ್ಲಿರುವುದು ಐದು ರೂಪಾಯಿಯ ಕುರುಕಲು ಪೊಟ್ಟಣ, ಇಲ್ಲವೇ ಚಹಾದಲ್ಲಿ ಅದ್ದಿದ ಬಿಸ್ಕತ್ತು. ಚಹಾ ಆಹಾರದಲ್ಲಿರುವ ಅಷ್ಟಿಷ್ಟು ಕಬ್ಬಿಣವನ್ನೂ ದಕ್ಕಗೊಡುವುದಿಲ್ಲ.

ಇನ್ನು ನಮ್ಮ ಸಮಾಜದಲ್ಲಿ ಬಿಸಿಬಿಸಿ ಚರ್ಚೆಯಾದ ವಿಷಯಕ್ಕೆ ಬರುತ್ತೇನೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಸರಕಾರ ಮೊಟ್ಟೆ ಕೊಡಲು ಹೊರಟಾಗ ನಮ್ಮ ಕೆಲವು ಮಠಾಧೀಶರೂ ಸಂಘಟನೆಗಳೂ ವಿರೋಧಿಸಿದ್ದು ಓದುಗರಿಗೆ ನೆನಪಿರಬಹುದು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆಯೂ ಆಯಿತು. ನಮ್ಮ ಮನೆ ಶಾಕಾಹಾರಿ ಮನೆ, ನಾನು ಮೊಟ್ಟೆ ಮುಟ್ಟಿದವನಲ್ಲ. ಹಾಗೆಂದೇ ಈ ಮಾತನ್ನು ಹೇಳುವ ಅಧಿಕಾರ ನನಗಿದೆ ಎಂದು ಭಾವಿಸುತ್ತೇನೆ.

ಶಿಶು ಆಹಾರದ ವೈವಿಧ್ಯ ಅಳೆಯಲು ಒಂದು ಸರಳ ಅಳತೆಗೋಲಿದೆ. ಆಹಾರವನ್ನು ಎಂಟು ಗುಂಪು ಮಾಡಿದ್ದಾರೆ: ಎದೆಹಾಲು, ಧಾನ್ಯ ಮತ್ತು ಗೆಡ್ಡೆ, ಬೇಳೆಕಾಳು ಮತ್ತು ಶೇಂಗಾದಂಥ ಬೀಜಗಳು, ಹಾಲು ಮೊಸರು, ಮಾಂಸ ಮೀನು, ಮೊಟ್ಟೆ, ವಿಟಮಿನ್ ಎ ಹೆಚ್ಚಿರುವ ಹಣ್ಣು, ಸೊಪ್ಪು, ತರಕಾರಿ, ಇತರ ಹಣ್ಣು ತರಕಾರಿ. ಆರು ತಿಂಗಳಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ ಕನಿಷ್ಠ ಐದು ಗುಂಪಿನಿಂದ ಆಹಾರ ಸಿಗಬೇಕು. ಮಾಂಸ, ಮೊಟ್ಟೆ ಎರಡನ್ನೂ ಬಿಟ್ಟ ನಮ್ಮ ಮನೆಗಳಲ್ಲಿ ಉಳಿಯುವುದು ಆರು. ಆರರಲ್ಲಿ ಐದು ಮುಟ್ಟಲೇಬೇಕು, ತಪ್ಪಿಸಲು ಇರುವುದು ಒಂದೇ. ಎಲ್ಲವನ್ನೂ ತಿನ್ನುವ ಮನೆಗೆ ಮೂರು ತಪ್ಪಿಸಿದರೂ ನಡೆಯುತ್ತದೆ. ಅಂದರೆ ಶಾಕಾಹಾರದ ಮನೆ ಇತರರಿಗಿಂತ ಹೆಚ್ಚು ಎಚ್ಚರದಿಂದ ಮಗುವಿನ ತಟ್ಟೆ ನೋಡಿಕೊಳ್ಳಬೇಕು. ನಾವು ಆ ಎಚ್ಚರದಲ್ಲಿದ್ದೇವೆಯೇ? ಎಲ್ಲ ಬಗೆಯ ಮನೆಗಳನ್ನೂ ಸೇರಿಸಿ ನೋಡಿದರೆ, ಈ ವಯಸ್ಸಿನಲ್ಲಿ ಸಾಕಷ್ಟು ಸಲ, ಸಾಕಷ್ಟು ಬಗೆಯ ಆಹಾರ ಪಡೆಯುವ ಮಕ್ಕಳು ದೇಶದಲ್ಲಿ ನೂರಕ್ಕೆ ಸುಮಾರು 11 ಮಾತ್ರ ಎಂದು ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ.

ಬಿ12 ಎಂಬ ವಿಟಮಿನ್ ಸಸ್ಯಾಹಾರದಲ್ಲಿ ಇಲ್ಲವೇ ಇಲ್ಲ. ಹಾಲು ಮೊಸರಿನಲ್ಲಿದೆ. ಬಸುರಿಯಲ್ಲಿ, ಬಾಣಂತಿಯಲ್ಲಿ ಅದು ಕಡಿಮೆಯಾದರೆ ಎದೆಹಾಲಿನಲ್ಲೂ ಕಡಿಮೆಯಾಗುತ್ತದೆ. ಮಗು ಗುಂಡುಗುಂಡಾಗಿ ಕಂಡರೂ ಮಂಕಾಗುತ್ತದೆ, ಕಲಿತ ಆಟ ಮರೆಯುತ್ತದೆ, ಕೆಲವೊಮ್ಮೆ ಕೈಕಾಲು ನಡುಗುತ್ತವೆ. ನಮ್ಮ ದೇಶದ ಶಿಶುವೈದ್ಯರಿಗೆ ಇದು ಹಳೆಯ ಪರಿಚಯದ ರೋಗ. ಹೆಚ್ಚಾಗಿ ಕಾಣುವುದು ಬಿ12 ಕೊರತೆಯಿರುವ ಶಾಕಾಹಾರಿ ತಾಯಂದಿರ, ಬರೀ ಎದೆಹಾಲಿನಲ್ಲೇ ಬಹುಕಾಲ ಬೆಳೆದ ಕೂಸುಗಳಲ್ಲಿ. ಆದ್ದರಿಂದ ನಮ್ಮ ಮನೆಯ ಬಸುರಿಗೆ, ಬಾಣಂತಿಗೆ ದಿನವೂ ಹಾಲು ಮೊಸರು ತಪ್ಪಬಾರದು. ವೈದ್ಯರನ್ನು ಕೇಳಿ ಬಿ12 ಮಾತ್ರೆ ಕೊಡಿಸುವುದು ಧರ್ಮಕ್ಕೆ ವಿರುದ್ಧವಲ್ಲ. ಹಾಲಿಗೂ ಒಂದು ಮಿತಿ ಇದೆ. ಅದರಲ್ಲಿ ಕಬ್ಬಿಣ ಇಲ್ಲದ ಕಾರಣ ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರ್ ಮೀರಬಾರದು. ವರ್ಷದೊಳಗಿನ ಕೂಸಿಗೆ ಎದೆಹಾಲಿನ ಬದಲು ಹಸುವಿನ ಹಾಲನ್ನೇ ಮುಖ್ಯ ಆಹಾರ ಮಾಡಬಾರದು.

ಮೊಟ್ಟೆಯ ಬಗ್ಗೆ ವಿಜ್ಞಾನ ಏನು ಹೇಳುತ್ತದೆ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಲ್ಲಿ 163 ಕೂಸುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳ ಕಾಲ ದಿನಕ್ಕೊಂದು ಮೊಟ್ಟೆ ತಿಂದ ಗುಂಪಿನಲ್ಲಿ ಕುಂಠಿತ ಬೆಳವಣಿಗೆ ಸುಮಾರು ಅರ್ಧದಷ್ಟು ಇಳಿಯಿತು. ಆಫ್ರಿಕಾದ ಮಲಾವಿಯಲ್ಲಿ 660 ಕೂಸುಗಳ ಮೇಲೆ ಇದೇ ಪ್ರಯೋಗ ಮಾಡಿದಾಗ ಎತ್ತರದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಲ್ಲಿನ ಮಕ್ಕಳು ಮೊದಲೇ ಮೀನು ತಿನ್ನುತ್ತಿದ್ದರು. ಅಂದರೆ ಮೊಟ್ಟೆ ಮಂತ್ರವಲ್ಲ. ಆದರೆ ತಟ್ಟೆಯಲ್ಲಿ ಬೇರೇನೂ ಇಲ್ಲದ ಬಡ ಮಗುವಿಗೆ ಅಷ್ಟು ಚಿಕ್ಕ ಗಾತ್ರದಲ್ಲಿ ಆರು ಗ್ರಾಂ ಪ್ರೋಟೀನು, ಬಿ12, ವಿಟಮಿನ್ ಎ ಎಲ್ಲವನ್ನೂ ಕೊಡುವ, ಕಲಬೆರಕೆ ಮಾಡಲಾಗದ ಇನ್ನೊಂದು ಪದಾರ್ಥ ಸುಲಭವಾಗಿ ಸಿಗುವುದಿಲ್ಲ. ಬಾಳೆಹಣ್ಣಿನಲ್ಲಿ ಪ್ರೋಟೀನು ಇರುವುದು ಒಂದು ಗ್ರಾಮಿನಷ್ಟು, ಬಿ12 ಇಲ್ಲ. ಅದು ಮೊಟ್ಟೆಗೆ ಬದಲಿಯಾಗಲಾರದು.

ಆದ್ದರಿಂದ ನಮ್ಮ ಪತ್ರಿಕೆಯ ನಿಲುವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಶಾಕಾಹಾರ ನಮ್ಮ ಆಯ್ಕೆ. ಅದನ್ನು ಗೌರವದಿಂದ ಉಳಿಸಿಕೊಳ್ಳೋಣ. ಆದರೆ ಮೊಟ್ಟೆ ತಿನ್ನುವ ಮನೆಯ ಮಗುವಿನ ತಟ್ಟೆಯಿಂದ ಅದನ್ನು ತೆಗೆಸುವ ಹಕ್ಕು ನಮಗಿಲ್ಲ. ನಾವು ಸರಕಾರವನ್ನು ಕೇಳಬೇಕಾದದ್ದು, ಮೊಟ್ಟೆ ತಿನ್ನದ ಮಗುವಿಗೂ ಸತ್ತ್ವದಲ್ಲಿ ಸಮನಾದದ್ದು ಕೊಡಿ ಎಂದು: ಹಾಲು, ಶೇಂಗಾ ಚಿಕ್ಕಿ, ಮೊಳಕೆಕಾಳು. ಶರಣರು ಒಂದೇ ಪಂಕ್ತಿಯಲ್ಲಿ ಎಲ್ಲರನ್ನೂ ಕೂರಿಸಿದ್ದು ಮತ್ತೊಬ್ಬರ ತಟ್ಟೆ ನೋಡಿ ಎದ್ದುಹೋಗಲಿ ಎಂದಲ್ಲ. ಮೇಲಾಗಿ ಆ ಜಗಳ ನಡೆದದ್ದು ಶಾಲೆಯ ಮಕ್ಕಳ ಊಟದ ಬಗ್ಗೆ. ಎತ್ತರದ ತೀರ್ಮಾನ ಬಹುಪಾಲು ಆಗಿಹೋಗಿರುವುದು ಅದಕ್ಕೂ ಮೊದಲು, ತೊಟ್ಟಿಲಲ್ಲಿ. ಅಲ್ಲಿ ನಮ್ಮ ಗಮನವೇ ಇಲ್ಲ.

ತೊಟ್ಟಿಲಿಗೂ ಮೊದಲು ತಾಯಿಯ ಗರ್ಭವಿದೆ. ಎಂಟನೆಯ ತಿಂಗಳಲ್ಲಿ ಗರ್ಭಲಿಂಗಧಾರಣೆ ಮಾಡುವ ಸಂಪ್ರದಾಯ ನಮ್ಮದು. ಮಗು ಹುಟ್ಟುವ ಮೊದಲೇ ಅದರ ಬದುಕು ಆರಂಭವಾಗಿದೆ ಎಂದು ನಮ್ಮ ಹಿರಿಯರು ತಿಳಿದಿದ್ದರು. ಇಂದು ವೈದ್ಯರು ಗರ್ಭದ 270 ದಿನ ಮತ್ತು ಹುಟ್ಟಿದ ಮೇಲಿನ 730 ದಿನ ಸೇರಿಸಿ ಮೊದಲ ಸಾವಿರ ದಿನ ಎನ್ನುತ್ತಾರೆ. ಪಂಚಸೂತಕಗಳನ್ನು, ಅದರಲ್ಲೂ ಜನನ ಸೂತಕವನ್ನು ಶರಣರು ತಳ್ಳಿಹಾಕಿದರು ಎಂದು ನಾವು ಭಾಷಣ ಮಾಡುತ್ತೇವೆ. ಆದರೆ ಬಾಣಂತಿಯ ತಟ್ಟೆಯಲ್ಲಿ ಸೂತಕ ಇನ್ನೂ ಉಳಿದಿದೆ. ಸೊಪ್ಪು ಬೇಡ, ಹಣ್ಣು ಶೀತ, ಬೇಳೆ ವಾಯು, ನೀರು ಜಾಸ್ತಿ ಕುಡಿಯಬಾರದು ಎಂದು ಪಥ್ಯದ ಹೆಸರಿನಲ್ಲಿ ಅವಳನ್ನು ಒಣಗಿಸುತ್ತೇವೆ. ಹುಟ್ಟಿದ ಕೂಸಿಗೆ ಮೊದಲ ಹಳದಿ ಹಾಲನ್ನು ಚೆಲ್ಲಿ ಜೇನುತುಪ್ಪ ನೆಕ್ಕಿಸುವ ಮನೆಗಳು ಇನ್ನೂ ಇವೆ. ಆ ಹಾಲು ಮಗುವಿಗೆ ಮೊದಲ ರಕ್ಷೆ. ಜೇನು ವರ್ಷದೊಳಗಿನ ಕೂಸಿಗೆ ಅಪಾಯ. ಆರು ತಿಂಗಳವರೆಗೆ ಎದೆಹಾಲಲ್ಲದೆ ನೀರೂ ಬೇಡ. ಆರು ತುಂಬಿದ ಮೇಲೆ ಗಟ್ಟಿ ಆಹಾರ ಒಂದು ದಿನವೂ ತಡವಾಗಬಾರದು. ತಾಯಿಯಿಂದ ತಂದ ಕಬ್ಬಿಣದ ದಾಸ್ತಾನು ಅಷ್ಟರಲ್ಲಿ ಮುಗಿದಿರುತ್ತದೆ.

ಸೇವೆಯ ಬಹುಭಾಗವನ್ನು ನಾನು ಹಳ್ಳಿಗಳ ಕುಡಿಯುವ ನೀರಿನ ಕಾಮಗಾರಿಗಳಲ್ಲಿ ಕಳೆದವನು. ಹಾಗಾಗಿ ಜಿಂಬಾಬ್ವೆಯ ಒಂದು ದೊಡ್ಡ ಅಧ್ಯಯನ ನನ್ನ ಗಮನ ಸೆಳೆಯಿತು. 2019ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಶೌಚಾಲಯ, ಕೈ ತೊಳೆಯುವ ವ್ಯವಸ್ಥೆ, ನೀರಿಗೆ ಕ್ಲೋರಿನ್ ಇವಿಷ್ಟನ್ನೇ ಕೊಟ್ಟ ಮನೆಗಳಲ್ಲಿ ಮಕ್ಕಳ ಎತ್ತರ ಹೆಚ್ಚಲಿಲ್ಲ. ತಾಯಿಗೆ ಶಿಶು ಆಹಾರದ ತಿಳಿವಳಿಕೆ ಮತ್ತು ಮಗುವಿಗೆ ದಿನವೂ ಸ್ವಲ್ಪ ಪೋಷಕ ಆಹಾರ ಕೊಟ್ಟಲ್ಲಿ ಕುಂಠಿತ ಮಕ್ಕಳ ಪ್ರಮಾಣ ನೂರಕ್ಕೆ 35ರಿಂದ 27ಕ್ಕೆ ಇಳಿಯಿತು. ಶುದ್ಧ ನೀರು ಬೇಡವೆಂದು ಇದರ ಅರ್ಥವಲ್ಲ. ಭೇದಿಯಾದ ಮಗುವಿಗೆ ಎಷ್ಟು ತಿನ್ನಿಸಿದರೂ ಮೈಗೆ ಹತ್ತುವುದಿಲ್ಲ. ಆದರೆ ನಲ್ಲಿ ಬಂದ ಮಾತ್ರಕ್ಕೆ ಮಗು ಬೆಳೆಯುವುದಿಲ್ಲ. ಇನ್ನೊಂದನ್ನೂ ಗಮನಿಸಬೇಕು: ಆಹಾರ ಕೊಟ್ಟಲ್ಲೂ 27 ಮಕ್ಕಳು ಉಳಿದರು. ತಾಯಿಯ ಆರೋಗ್ಯ, ಬಾಲ್ಯವಿವಾಹ, ಬಡತನ, ಹೆರಿಗೆಗಳ ನಡುವಿನ ಅಂತರ ಎಲ್ಲವೂ ಇದರಲ್ಲಿ ಸೇರಿವೆ.

ಬಡ ತಾಯಿಗೆ ಬರೀ ಉಪದೇಶ ಮಾಡುವುದೂ ಅನ್ಯಾಯವೇ. ಬೆಳಗ್ಗೆ ಆರಕ್ಕೆ ಕೂಲಿಗೆ ಹೋಗುವವಳು, ಗುಳೆ ಹೋಗುವವಳು ದಿನಕ್ಕೆ ನಾಲ್ಕು ಸಲ ಗಂಜಿ ಕಾಯಿಸುವುದು ಯಾವಾಗ? ಎಂಟು ವರ್ಷದ ಅಕ್ಕ ಮನೆಯಲ್ಲಿ ಕೂಸು ನೋಡಿಕೊಳ್ಳುತ್ತಾಳೆ. ಅವಳ ಕೈಗೆ ಸಿದ್ಧವಾದ ಹಿಟ್ಟು ಬೇಕು. ಇಲ್ಲಿಯೇ ಮಠಗಳ ದಾಸೋಹ ಮುಂದುವರಿಯಬೇಕಾಗಿರುವುದು.

ಪೂಜ್ಯರಲ್ಲಿ ಮತ್ತು ಬಸವ ಸಂಘಟನೆಗಳಲ್ಲಿ ನನ್ನ ವಿನಂತಿ ಇಷ್ಟು. ಮಠದ ದಾಸೋಹ ಮನೆಯಲ್ಲಿ ವಾರಕ್ಕೊಮ್ಮೆ ಅಕ್ಕನ ಬಳಗದವರು ಮೊಳಕೆ ರಾಗಿ, ಹೆಸರು, ಶೇಂಗಾದ ಹಿಟ್ಟು ಸಿದ್ಧಪಡಿಸಿ, ಊರಿನ ಎಲ್ಲ ಜಾತಿಯ, ಆರು ತಿಂಗಳಿಂದ ಮೂರು ವರ್ಷದ ಮಕ್ಕಳ ಮನೆಗೆ ತಲುಪಿಸಲಿ. ಇದು ಭಿಕ್ಷೆಯಲ್ಲ, ದಾಸೋಹ. ಜಾತ್ರೆಯಲ್ಲಿ ಪ್ರಸಾದದ ಜೊತೆ ಒಂದು ನುಗ್ಗೆ, ಒಂದು ಪಪ್ಪಾಯಿ ಸಸಿ ಕೊಡಲಿ. ವರ್ಷಕ್ಕೆ ಒಂದು ಶಿವಾನುಭವ ಗೋಷ್ಠಿ ಬಾಣಂತಿ ಮತ್ತು ಕೂಸಿನ ಊಟದ ಬಗ್ಗೆ ನಡೆಯಲಿ. ಅದಕ್ಕೆ ಅತ್ತೆಯಂದಿರನ್ನೂ ಗಂಡಂದಿರನ್ನೂ ಕರೆಯಲಿ. ಇವೆಲ್ಲ ಅಂಗನವಾಡಿಗೆ ಪೈಪೋಟಿಯಾಗಬಾರದು, ಆ ಕಾರ್ಯಕರ್ತೆಯ ಜೊತೆ ಕೂಡಿಯೇ ಆಗಬೇಕು. ಕಬ್ಬಿಣದ ಸಿರಪ್ಪು ವಾರಕ್ಕೆರಡು ಸಲ, ಒಂಬತ್ತನೆಯ ತಿಂಗಳಿಂದ ವಿಟಮಿನ್ ಎ ದ್ರಾವಣ, ವರ್ಷಕ್ಕೆರಡು ಸಲ ಜಂತುಹುಳುವಿನ ಮಾತ್ರೆ, ಭೇದಿಯಾದಾಗ ಓಆರ್‌ಎಸ್ ಮತ್ತು 14 ದಿನ ಸತುವಿನ ಮಾತ್ರೆ ಸರಕಾರದಿಂದ ಉಚಿತವಾಗಿ ಸಿಗುತ್ತವೆ. ಆಗಲೇ ರಕ್ತಹೀನತೆ ಇರುವ ಮಗುವಿಗೆ ಬರೀ ಸೊಪ್ಪಿನಿಂದ ಆಗುವುದಿಲ್ಲ, ಸಿರಪ್ಪೂ ಬೇಕು. ಅದು ಕಪಾಟಿನಲ್ಲಿ ಉಳಿಯದೆ ಮಗುವಿನ ಬಾಯಿಗೆ ಹೋಗುವಂತೆ ನೋಡಿಕೊಳ್ಳುವ ನಾಲ್ಕು ಜನ ಪ್ರತಿ ಊರಿನಲ್ಲಿ ನಮ್ಮವರಿರಲಿ.

ಕೊನೆಯದು, ಅಳತೆ. ಅಳೆಯದೆ ಯಾವ ಕಾಮಗಾರಿಯೂ ಸರಿಯಾಗುವುದಿಲ್ಲ. ನಾವು ಕೂಸಿನ ತೂಕ ನೋಡುತ್ತೇವೆ, ಉದ್ದ ಅಳೆಯುವುದು ಅಪರೂಪ. ತೂಕ ಸರಿಯಿದ್ದೂ ಎತ್ತರ ಕುಂಠಿತವಾಗಿರಬಹುದು. ಅಂಗನವಾಡಿಯಲ್ಲಿ ಮಗುವಿನ ಉದ್ದ ಅಳೆಸಿ, ತಾಯಿಕಾರ್ಡಿನಲ್ಲಿ ಬರೆಸಿ, ಮೂರು ತಿಂಗಳಿಗೊಮ್ಮೆ ಹೋಲಿಸಿ ನೋಡಿ. ಗೆರೆ ಮೇಲಕ್ಕೆ ಏರದಿದ್ದರೆ ಕಾಯಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಎರಡು ವರ್ಷ ದಾಟಿದ ಮೇಲೆ ಕಳೆದುಹೋದ ಎತ್ತರವನ್ನು ಪೂರ್ತಿ ಮರಳಿ ಪಡೆಯುವುದು ಬಹಳ ಕಷ್ಟ.

ಮುಂದಿನ ಅಮಾವಾಸ್ಯೆಯ ದಾಸೋಹಕ್ಕೆ ನಿಮ್ಮೂರಿನ ಮಠಕ್ಕೆ ಅಕ್ಕಿ, ಬೇಳೆ ಕೊಡುವವರು ಅದರ ಜೊತೆ ಎರಡು ಸೇರು ರಾಗಿಯನ್ನೂ ಕೊಡಿ. ಮೊಳಕೆ ಕಟ್ಟಲು ಎಂದು ಹೇಳಿ ಕೊಡಿ.